ತೇವದ ಎರಡು ಕೆಜಿ

ಐದೂ ಹತ್ತಕ್ಕೆ ಮೊದಲನೆಯ ಸರ್ವರ್ ತಾನಾಗಿಯೇ ಎದ್ದಿತು. ತನುಜ ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಫೋನಿನಲ್ಲಿ ನೋಡಿದಳು. ಐದೂಕಾಲಕ್ಕೆ ಇನ್ನೆರಡು ಎದ್ದವು. ಒಂದಕ್ಕೂ ಅವಳು ಕೈ ಹಚ್ಚಬೇಕಾಗಲಿಲ್ಲ. ಆದರೂ ನಿದ್ದೆ ಬರಲಿಲ್ಲ. ಎರಡು ವರ್ಷದಿಂದ ನಾಲ್ಕೂವರೆಗೇ ಏಳುತ್ತಿದ್ದವಳ ಕಣ್ಣು ಇವತ್ತು ಸುಮ್ಮನೆ ಉರಿಯುತ್ತಿತ್ತು.

"ಏನಮ್ಮ, ನಿನ್ ಮಿಷನ್‌ಗೆ ಇವತ್ತು ರಜಾನಾ?" ಬಾಗಿಲಿಗೆ ನೀರು ಹಾಕಿ ಬಂದ ಅತ್ತೆ ಮಂಗಮ್ಮ ಕೇಳಿದರು.

"ಮಿಷನ್‌ಗಲ್ಲತ್ತೆ, ನಂಗೆ. ಇನ್ಮೇಲೆ ಎಲ್ಲಾ ಅದೇ ಮಾಡ್ಕೊಳುತ್ತೆ."

"ಮಾಡ್ಕೊಳ್ಳಿ ಬಿಡು. ಕನ್ನಡೀಲಿ ಮುಖ ನೋಡ್ಕೊಂಡಿದ್ದೀಯಾ? ಮಲಕ್ಕೊ."

ತನುಜಳ ಕಂಪನಿಯದು ಹೂವಿನ ಹರಾಜಿನ ಆಪ್. ಚಿಕ್ಕಬಳ್ಳಾಪುರದ ಸುತ್ತಮುತ್ತಲಿನ ರೈತರು ಬೆಳಗ್ಗೆ ಹೂವು ತೂಗಿಸುತ್ತಿದ್ದಂತೆ ವ್ಯಾಪಾರಿಗಳು ಒಟ್ಟಿಗೆ ಮುಗಿಬೀಳುತ್ತಾರೆ. ಜನ ಹೆಚ್ಚಿದಂತೆ ಎಲ್ಲೋ ದೂರದ ಕ್ಲೌಡಿನಲ್ಲಿ ಹೊಸ ಸರ್ವರ್‌ಗಳು ಹುಟ್ಟುತ್ತವೆ, ಒಂಬತ್ತಕ್ಕೆ ಜನ ಕರಗಿದರೆ ಅವೂ ಅಳಿಸಿಹೋಗುತ್ತವೆ. ಹುಟ್ಟಿದಾಗ ಅವಕ್ಕೆ ಹೂವೂ ಗೊತ್ತಿಲ್ಲ, ಹರಾಜೂ ಗೊತ್ತಿಲ್ಲ. ಒಂದೊಂದಕ್ಕೂ ಕೋಡ್ ಹಾಕಿ, ಸೆಟ್ಟಿಂಗ್ ತುಂಬಿ ಕೆಲಸಕ್ಕೆ ಹಚ್ಚಬೇಕು. ಮಂಚೇನಹಳ್ಳಿಯ ಈ ಮನೆಯಲ್ಲಿ ಕೂತು ದಿನಾ ಅದನ್ನು ಕೈಯಲ್ಲಿ ಮಾಡಿದವಳು ತನುಜ. ಜ್ವರವಿದ್ದರೂ ಬಿಡುವಿಲ್ಲ, ತಂಗಿಯ ಮದುವೆಯ ದಿನವೂ ಬಿಡುವಿಲ್ಲ. ಕೊನೆಗೆ ಸಾಕುಸಾಕಾಗಿ, ಮೂರು ತಿಂಗಳು ಒದ್ದಾಡಿ, ಕಂಪನಿಯ ಸೆಟ್ಟಿಂಗ್ ಫೈಲಿನಲ್ಲಿರುವುದನ್ನೆಲ್ಲ ಸರ್ವರ್ ಹುಟ್ಟಿದ ಕೂಡಲೇ ತಾನೇ ಓದಿಕೊಳ್ಳುವಂತೆ ಸ್ಕ್ರಿಪ್ಟ್ ಬರೆದಿದ್ದಳು. ಇವತ್ತು ಅದರ ಮೊದಲ ದಿನ.

ಆರಕ್ಕೆ ಫೋನ್ ಬಂತು. ಮಂಡಿಕಲ್ ಕಡೆಯ ಸೇವಂತಿಗೆ ಬೆಳೆಗಾರ ಆವಲಪ್ಪ. ಆಪ್ ಶುರುವಾದಾಗ ಅವರೂರಿಗೆ ಹೋಗಿ ಎಲ್ಲರಿಗೂ ಅದನ್ನು ಕಲಿಸಿ ಬಂದಿದ್ದವಳು ಇವಳೇ.

"ತನುಜಮ್ಮ, ರಾತ್ರಿ ನಿಮ್ ಕಡೆ ಮಳೆ ಬಂತಾ?"

"ಇಲ್ವಲ್ಲ ಆವಲಪ್ಪಣ್ಣ."

"ಇಲ್ಲೂ ಒಂದ್ ಹನಿ ಬಿದ್ದಿಲ್ಲ. ಚೀಲಕ್ಕೆ ಎರಡು ಕೆಜಿ ತೇವ ಅಂತ ಹಿಡ್ದವ್ರೆ. ಮಳೆ ಬಂದ್ ದಿನ ಮಾತ್ರ ಹಿಡೀತೀವಿ ಅಂತ ನೀನೇ ಹೇಳಿದ್ದಲ್ಲಮ್ಮ."

ತನುಜ ಎದ್ದು ಕೂತಳು. ನೆಂದ ಹೂವಿನ ನೀರಿಗೆಂದು ತೂಕದಲ್ಲಿ ಕಳೆಯುವ ತೇವದ ಕಡಿತ ಫೈಲಿನಲ್ಲಿ ಯಾವತ್ತೂ ಎರಡೇ. ದಿನಾ ಬೆಳಗ್ಗೆ ಕಿಟಕಿ ತೆರೆದು, ಅಂಗಳ ಒಣಗಿದ್ದರೆ ಪ್ರತಿ ಸರ್ವರ್‌ನಲ್ಲೂ ಅವಳೇ ಅದನ್ನು ಸೊನ್ನೆ ಮಾಡುತ್ತಿದ್ದಳು. ಹಲ್ಲುಜ್ಜುವಷ್ಟೇ ಅಭ್ಯಾಸವಾಗಿ ಹೋಗಿದ್ದರಿಂದ ಎಲ್ಲೂ ಬರೆದಿಟ್ಟಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಎಂಟಕ್ಕೆ ಬಿಲ್ ಆಗುವುದರೊಳಗೆ ಸರಿ ಮಾಡುತ್ತೇನೆಂದು ಹೇಳಿ, ಮ್ಯಾನೇಜರ್ ರಮೇಶ್‌ಬಾಬುಗೆ ಫೋನ್ ಮಾಡಿದಳು.

"ಎರಡು ವರ್ಷದಿಂದ ಸೊನ್ನೆ ಹಾಕ್ತಿದ್ಯಾ?"

"ಮಳೆ ಇಲ್ಲದ ದಿನ ಮಾತ್ರ ಸರ್. ರೈತರಿಗೆ ನಾವು ಹೇಳಿದ್ದೇ ಹಂಗಲ್ವಾ?"

ಅವರು ದನಿ ತಗ್ಗಿಸಿದರು. "ನೋಡಮ್ಮ, ಮಳೆ ಬರ್ಲಿ ಬಿಡ್ಲಿ ಎರಡು ಹಿಡೀತೀವಿ ಅಂತ ಮಾಲೀಕರು ದೊಡ್ಡ ವ್ಯಾಪಾರಿಗಳಿಗೆ ಮಾತು ಕೊಟ್ಟಿದ್ದಾರೆ. ನೀನು ಮೊದ್ಲಿನ ಹಂಗೇ ಕೈಯಲ್ಲಿ ಮಾಡ್ಕೊ, ನಾನು ನೋಡಿಲ್ಲ ಅಂದ್ಕೊತೀನಿ. ಫೈಲಲ್ಲಿ ಮಾತ್ರ ಬರೀಬೇಡ. ಬರೆದ್ರೆ ಅಲ್ಲಿ ನಿನ್ ಹೆಸರಿರುತ್ತೆ. ಆಮೇಲೆ ನಿನ್ ಕೆಲಸ ಉಳಿಸೋಕೆ ನನ್ ಕೈಲಾಗಲ್ಲ."

ಕೈಯಲ್ಲಿ ಮಾಡುವುದೆಂದರೆ ನಾಳೆ ಮತ್ತೆ ನಾಲ್ಕೂವರೆಗೆ ಏಳುವುದು, ನಾಡಿದ್ದೂ ಏಳುವುದು. ಒಂದು ದಿನ ಅವಳು ಮಲಗಿಬಿಟ್ಟರೆ ಆವಲಪ್ಪನ ಚೀಲದಿಂದ ಎರಡು ಕೆಜಿ ಹೋಗುವುದು. ಕೆಲಸ ಹೋದರೆ ಮನೆ ನಡೆಯುವುದು ಹೇಗೆಂಬ ಭಯವೂ ಇತ್ತು. ಆದರೆ ಭಯಪಡುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ.

ಲ್ಯಾಪ್‌ಟಾಪ್ ತೆರೆದು, ಫೈಲಿನಲ್ಲಿದ್ದ ಎರಡನ್ನು ಅಳಿಸಿ ಸೊನ್ನೆ ಬರೆದಳು. 'ತೇವ ಹಿಡಿಯುವುದು ಮಳೆ ಬಂದ ದಿನ ಮಾತ್ರ. ತೂಗುವವರು ಹೂವು ಮುಟ್ಟಿ ನೋಡಿ ಹಾಕಲಿ' ಎಂದು ಕೆಳಗೆ ಸೇರಿಸಿದಳು. ಹಳೆಯ ಸರ್ವರ್‌ಗಳನ್ನು ಒಂದೊಂದಾಗಿ ತೆಗೆದುಹಾಕಿದಂತೆ ಹೊಸವು ಎದ್ದವು. ಎಲ್ಲದರಲ್ಲೂ ಸೊನ್ನೆ ಇತ್ತು, ಬದಲಿಸಿದವರು ತನುಜ ಎಂದಿತ್ತು. ಆವಲಪ್ಪನ ತೂಕ ಸರಿಹೋದದ್ದನ್ನು ನೋಡಿ ಅಲ್ಲೇ ಒರಗಿಕೊಂಡಳು.

ಎಂಟರ ಹೊತ್ತಿಗೆ ಮಂಗಮ್ಮ ಕಾಫಿ ತಂದಾಗ ಅವಳು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಪಕ್ಕದಲ್ಲಿದ್ದ ಅವಳ ಫೋನ್ ರಮೇಶ್‌ಬಾಬು ಅವರ ಕರೆಯಿಂದ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮಂಗಮ್ಮ ಅದನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಬಂದು, ಸದ್ದಾಗದಂತೆ ಬಾಗಿಲು ಮುಂದಕ್ಕೆಳೆದರು.