ಕಸದ ಗಾಡಿಯ ಮೈಕು

ಹಾರೂನ್ ಕಾಕಾನ ಮಷಿನ್ನಿನ ಮೇಲೆ ಅತ್ತೆ ಮೂರನೆಯ ಸಲ ಹೆಬ್ಬೆಟ್ಟು ಒತ್ತಿದಳು. ಮೂರನೆಯ ಸಲವೂ ಅದು ಅದನ್ನೇ ಹೇಳಿತು: ಖಾತೆಯಲ್ಲಿ ಉಳಿದದ್ದು ನೂರಾ ಹನ್ನೆರಡು ರೂಪಾಯಿ.

"ಮರೆವ್ವಕ್ಕಾ, ಬೆರಳ ಸೆರಗಿಗೆ ಒರಸಿ ಇನ್ನೊಮ್ಮಿ ಇಡು," ಎಂದ ಹಾರೂನ್ ಕಾಕಾ. ಶಲವಡಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವವನು ಅವನೇ. ಕಿರಾಣಿ ಅಂಗಡಿಯ ಬೆಲ್ಲದ ಡಬ್ಬಿಯ ಪಕ್ಕದಲ್ಲೇ ಮಷಿನ್ ಇಟ್ಟುಕೊಂಡಿದ್ದಾನೆ.

"ಬೆರಳಿಗೆ ಏನಾಗೇತಿ? ನಾ ಇಟ್ಟಿದ್ದು ಎಂಟ ಸಾವಿರದ ಮ್ಯಾಲಿತ್ತು," ಎಂದಳು ಅತ್ತೆ.

ತಪ್ಪು ಬೆರಳಿನದಲ್ಲ, ಮಷಿನ್ನಿನದೂ ಅಲ್ಲ, ನನ್ನದು. ಆ ಅಂಗಡಿಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಮರೆವ್ವ ನನ್ನ ಸೋದರತ್ತೆ, ಅಪ್ಪನ ಅಕ್ಕ. ಮಾವ ತೀರಿಕೊಂಡ ಮೇಲೆ ನಾನು ಅವಳ ಜೊತೆಗೇ ಇದ್ದೇನೆ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ, ವಿಧವಾ ಪಿಂಚಣಿ, ಇವುಗಳಲ್ಲಿ ಉಳಿಸಿ ಉಳಿಸಿ ಹಲ್ಲಿನ ಸೆಟ್ಟಿಗೆಂದು ಒಂದೂವರೆ ವರ್ಷದಿಂದ ದುಡ್ಡು ಕೂಡಿಸುತ್ತಿದ್ದಳು. ಅಣ್ಣಿಗೇರಿಯ ಡಾಕ್ಟರು ಬಾಯಲ್ಲಿದ್ದ ನಾಲ್ಕು ಅಲುಗಾಡುವ ಹಲ್ಲನ್ನೂ ಕಿತ್ತು, ಅಳತೆ ತೆಗೆದುಕೊಂಡು, ಎಂಟು ಸಾವಿರ ತಂದು ಸೆಟ್ ಒಯ್ಯಿರಿ ಎಂದಿದ್ದರು. ಎರಡು ತಿಂಗಳಿಂದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದವಳಿಗೆ ಖಡಕ್ ರೊಟ್ಟಿಯನ್ನು ಕಟಕಟ ಕಡಿಯುವ ಆಸೆ. ಆ ದುಡ್ಡನ್ನು ನಾನು ಕಳೆದಿದ್ದೆ.

ನಾನು ಸುನಿತಾ. ಅಣ್ಣಿಗೇರಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಸಂಬಳ ಒಂಬತ್ತು ಸಾವಿರ, ಅದು ಬರುವ ದಿನ ದೇವರಿಗೇ ಗೊತ್ತು. ಕೈ ಖಾಲಿಯಾಗಿದ್ದ ಒಂದು ದಿನ ಫೋನಿನಲ್ಲಿ ಸಾಲದ ಆ್ಯಪ್ ಕಣ್ಣಿಗೆ ಬಿತ್ತು. ಏಳು ದಿನಕ್ಕೆ ಆರು ಸಾವಿರ. ಕೈಗೆ ಬಂದದ್ದು ಮೂರು ಸಾವಿರದ ಒಂಬೈನೂರು, ಉಳಿದದ್ದು ಅವರ ಖರ್ಚಂತೆ. ನನ್ನ ಖಾತೆಗೆ ಹಣ ಬಂದರೆ ಬ್ಯಾಂಕು ಹಳೆಯ ದಂಡ ಮುರಿದುಕೊಳ್ಳುತ್ತದೆಂದು ಅತ್ತೆಯ ಖಾತೆ ಕೊಟ್ಟೆ. ಅವಳ ಖಾತೆಗೆ ಜೋಡಿಸಿದ ನಂಬರು ನನ್ನ ಫೋನಿನಲ್ಲೇ ಇದೆ. ನಮ್ಮ ಓಣಿಯ ಅರ್ಧ ಮುದುಕಿಯರ ನಂಬರು ಹೀಗೇ ಮಗಳ ಫೋನಿನಲ್ಲೋ ಸೊಸೆಯ ಫೋನಿನಲ್ಲೋ ಇರುತ್ತದೆ. ಓಟಿಪಿ ಬಂತು, ಒತ್ತಿದೆ. ಹಣ ಒಳಗೆ ಬರಲಿಕ್ಕೆ ಒತ್ತಿದೆನೆಂದು ತಿಳಿದಿದ್ದೆ. ಅವರು ಬೇಕೆಂದಾಗ ಹೊರಗೆ ಎಳೆದುಕೊಳ್ಳಲಿಕ್ಕೂ ಅದೇ ಒಪ್ಪಿಗೆಯಾಗಿತ್ತು. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಮಕ್ಕಳನ್ನು ದಿನಾ ಗದರುವವಳು ನಾನು.

ಸಂಬಳವಾದ ದಿನವೇ ಆರು ಸಾವಿರ ಕಟ್ಟಿದೆ. ತಡವಾಯಿತೆಂದು ಇನ್ನೆರಡು ಸಾವಿರ ಕೇಳಿದರು, ಅದನ್ನೂ ಕಟ್ಟಿದೆ. ಆದರೂ ಅತ್ತೆಯ ಖಾತೆಯಿಂದ ಒಮ್ಮೆ ಹದಿನೈದು ನೂರು, ಒಮ್ಮೆ ಎರಡು ಸಾವಿರದ ಇನ್ನೂರು, ಹೀಗೆ ನಾಲ್ಕು ಸಲ ಎಳೆದುಕೊಂಡರು. ಅದು ನನ್ನ ಅತ್ತೆಯ ಖಾತೆ, ಬಿಟ್ಟುಬಿಡಿ ಎಂದು ಫೋನಿನಲ್ಲಿ ಅತ್ತೂ ನೋಡಿದೆ. ಪ್ರತಿ ಸಲವೂ ಮೆಸೇಜು ಬಂದದ್ದು ನನಗೆ. ಅತ್ತೆಗೆ ತಿಳಿಯುವಷ್ಟರಲ್ಲಿ ಹೇಗಾದರೂ ತುಂಬಿಬಿಡೋಣ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನ ಒಲೆ ಅಟ್ಟ ಮೇಲೂ ಉರಿಯಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಹಲ್ಲಿಲ್ಲದ ಆ ಬಾಯಲ್ಲಿ ಅಷ್ಟು ಬೈಗುಳ ಹೇಗೆ ಹಿಡಿಸಿದ್ದವೋ, ಅತ್ತೆ ಹೊತ್ತು ಮುಳುಗುವ ತನಕ ಬೈದಳು. ಆಮೇಲೆ ಮಾತು ಬಿಟ್ಟಳು. ಬೈಗುಳವೇ ವಾಸಿಯಿತ್ತು.

ಮರುದಿನ ಇಬ್ಬರೂ ಬಸ್ಸು ಹತ್ತಿ ಅಣ್ಣಿಗೇರಿಯ ಬ್ಯಾಂಕಿಗೆ ಹೋದೆವು. ಹಣ ಎಳೆದುಕೊಳ್ಳುವ ಒಪ್ಪಿಗೆಯನ್ನು ರದ್ದು ಮಾಡಲು ಒಂದು ಅರ್ಜಿ ಇದೆ, ಖಾತೆಯವರು ಹೆಬ್ಬೆಟ್ಟು ಒತ್ತಿದರೆ ಎರಡು ದಿನದಲ್ಲಿ ನಿಲ್ಲುತ್ತದೆ ಎಂದರು. ಮುಂದಿನ ವಾರ ಅತ್ತೆಯ ಪಿಂಚಣಿ ಬರುವುದಿತ್ತು, ಅದರೊಳಗೆ ನಿಲ್ಲಿಸಿದರೆ ಅದಾದರೂ ಉಳಿಯುತ್ತಿತ್ತು. ನಾನು ಅರ್ಜಿ ತುಂಬುತ್ತ ಕುಳಿತೆ. ಅಷ್ಟರಲ್ಲಿ ಆ್ಯಪಿನವನ ಫೋನು ಬಂತು. ಎತ್ತಿದವಳೇ ಸಿಟ್ಟಿನ ಭರದಲ್ಲಿ, ರದ್ದು ಮಾಡುತ್ತಿದ್ದೇನೆ, ಇನ್ನು ಒಂದು ಪೈಸೆಯೂ ಸಿಗುವುದಿಲ್ಲ ಎಂದು ಹೇಳಿಬಿಟ್ಟೆ.

ಅವನು ಸಾವಕಾಶವಾಗಿಯೇ ಹೇಳಿದ. "ಮಾಡಿ ಮೇಡಂ. ನಿಮ್ಮ ಫೋನಲ್ಲಿರೋ ಇನ್ನೂರ ಹದಿನಾರು ಜನರ ನಂಬರ್ ನಮ್ಮ ಹತ್ರ ಇದೆ. ನಾಳೆ ಹನ್ನೊಂದು ಗಂಟೆಗೆ ಎಲ್ಲರಿಗೂ ನಿಮ್ಮ ಫೋಟೋ ಹೋಗುತ್ತೆ. ಕೆಳಗೆ ಏನು ಬರೀತೀವಿ ಗೊತ್ತಾ? ಮುದುಕಿ ಅತ್ತೆಯ ದುಡ್ಡು ಕದ್ದ ಕಳ್ಳಿ ಅಂತ."

ನಾನು ಪೆನ್ನು ಕೆಳಗಿಟ್ಟೆ. ಆ ಇನ್ನೂರ ಹದಿನಾರರಲ್ಲಿ ನನ್ನ ಶಾಲೆಯ ಹೆಡ್‌ಮೇಡಂ ಇದ್ದರು, ಮಕ್ಕಳ ತಂದೆ ತಾಯಂದಿರಿದ್ದರು, ಊರಿನ ಹಿರಿಯ ಬಸವಣ್ಣೆಪ್ಪನವರಿದ್ದರು. ಅವನು ಹಸಿ ಸುಳ್ಳು ಹೇಳುತ್ತೇನೆಂದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಅದರಲ್ಲಿ ಅರ್ಧ ಖರೆ ಇತ್ತು.

"ಅರ್ಜಿ ಬ್ಯಾಡ ಬಿಡು ಅತ್ತೀ," ಎಂದೆ.

"ಯಾಕ?" ನಿನ್ನೆಯಿಂದ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂವ ಊರಿಗೆ ಹೇಳೂದು ಎಷ್ಟಕ್ಕ?"

"ನಾಳೆ ಹನ್ನೊಂದಕ್ಕ."

"ಹಂಗಾರ ನಾವು ಏಳಕ್ಕ ಹೇಳೂಣು," ಎಂದು ಅತ್ತೆ ಮಸಿಯ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ಅರ್ಜಿಯ ಮೇಲೆ ಹೆಬ್ಬೆಟ್ಟು ಒತ್ತಿದಳು.

ಬಸ್ಸಿಗೆ ಕಾಯುತ್ತ ನಿಂತಾಗ ಅವಳ ಸಿಟ್ಟು ಹೊರಗೆ ಬಂತು. ಈ ಸಲ ಅದು ನನ್ನ ಮೇಲಿರಲಿಲ್ಲ.

"ಈ ಊರಿಗೆ ಸುದ್ದಿ ಹೇಳೂ ಮನಿ ನಮ್ಮದು. ನಮ್ಮಪ್ಪ ಗಂಗಪ್ಪ ಹಲಗಿ ಬಡಕೊಂತ ಓಣಿ ಓಣಿ ಡಂಗರಾ ಸಾರತಿದ್ದಾ. ಯಾರ ಎಮ್ಮಿ ತಪ್ಪಿಸಿಕೊಂಡೈತಿ, ಯಾರ ಮನಿಪಟ್ಟಿ ಬಾಕಿ ಐತಿ, ಎಲ್ಲಾ ಅಂವನ ಬಾಯಿಲೇನ. ಅದಕ್ಕ ಒಂದ ಮೊರ ಜ್ವಾಳಾ ಹಾಕತಿದ್ರು, ಅದೂ ದೂರ ನಿಂದ್ರಿಸಿ. ಸಾಯೂತನಕಾ ಮಂದಿ ಮಾತ ಸಾರಿದಾ, ಒಂದ ದಿನಾರ ನಮ್ಮ ಮನಿ ಮಾತ ಸಾರಲಿಲ್ಲ. ಈಗ ನಮ್ಮ ಸುದ್ದಿ ಹೇಳಾಕ ಇಂವ ಯಾಂವ?"

"ನಾ ಅಂತೂ ಹಲಗಿ ಮುಟ್ಟಂಗಿಲ್ಲ," ಎಂದೆ. ಇನ್ನು ಯಾರ ಬಾಗಿಲ ಮುಂದೆಯೂ ಬಡಿಯುವುದಿಲ್ಲ ಎಂದು ನನ್ನ ಅಪ್ಪ ಅದನ್ನು ಬಿಟ್ಟಿದ್ದ. ಅವನು ಬಿಟ್ಟದ್ದರ ಬಗ್ಗೆ ನನಗೆ ಹೆಮ್ಮೆಯಿದೆ.

"ಹಲಗಿ ಯಾಕ ಬೇಕು? ಅನ್ನಪೂರ್ಣಾನ ಗಾಡ್ಯಾಗ ಮೈಕ್ ಐತೆಲ್ಲ."

ಅನ್ನಪೂರ್ಣಾ ನಮ್ಮ ಸ್ವಸಹಾಯ ಸಂಘದವಳು, ಪಂಚಾಯ್ತಿಯ ಕಸದ ಗಾಡಿ ಓಡಿಸುತ್ತಾಳೆ. ಮುಂಜಾನೆ ಏಳಕ್ಕೆ ನಾವು ಗಾಡಿಗೆ ಅಡ್ಡ ನಿಂತಾಗ ಅವಳು ಹಿಂದೆಮುಂದೆ ನೋಡಿದಳು. "ಪಂಚಾಯ್ತಿಯವ್ರು ಕೇಳಿದ್ರ ಏನ್ ಹೇಳ್ಲಿ ಮರೆವ್ವಕ್ಕಾ? ಇದು ಕಸದ ಗಾಡಿ."

"ಇದೂ ಕಸಾನ. ಮನ್ಯಾಗ ಇಟಗೊಂಡ್ರ ನಾರತೈತಿ," ಎಂದು ಅತ್ತೆ ಮುಂದಿನ ಸೀಟಿನಲ್ಲಿ ಏರಿ ಕುಳಿತಳು. ಅನ್ನಪೂರ್ಣಾ ಗಾಡಿಯ ಕಸದ ಹಾಡು ನಿಲ್ಲಿಸಿ ಮೈಕನ್ನು ನನ್ನ ಕೈಗೆ ಕೊಟ್ಟಳು.

ನಲವತ್ತು ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುವವಳಿಗೆ ಆ ಹೊತ್ತು ದನಿಯೇ ಏಳಲಿಲ್ಲ. ಎರಡು ಸಲ ಕೆಮ್ಮಿದೆ. ಬಕೆಟ್ಟು ಹಿಡಿದುಕೊಂಡು ಬಂದ ಹೆಂಗಸರು ಹಾಡು ಯಾಕೆ ನಿಂತಿತೆಂದು ನೋಡುತ್ತಿದ್ದರು.

"ಊರ ಮಂದಿಗೆ ಹೇಳೂದೇನಂದ್ರ, ನಾ ಸುನಿತಾ, ಗಂಗಪ್ಪನ ಮೊಮ್ಮಗಳು. ಫೋನಿನ್ಯಾಗ ಸಾಲಾ ಮಾಡಿದೆ. ಬಂದಿದ್ದು ಮೂರ ಸಾವಿರದ ಒಂಬತ್ತನೂರು. ಕೊಟ್ಟಿದ್ದು ಹದಿನಾರ ಸಾವಿರ. ಅದರಾಗ ಎಂಟ ಸಾವಿರ ನಮ್ಮತ್ತಿ ಮರೆವ್ವನ ಖಾತೇದಿಂದ ಹೋಗೇತಿ, ಆಕಿಗೆ ಹೇಳದ ಕೇಳದ. ತಪ್ಪು ನಂದು. ಇವತ್ತ ಹನ್ನೊಂದಕ್ಕ ನಿಮ್ಮ ಫೋನಿಗೆ ನನ್ನ ಫೋಟೋ ಬರತೈತಿ, ಕಳ್ಳಿ ಅಂತ ಬರದಿರತಾರ. ನೋಡ್ರಿ, ಅಳಿಸ್ರಿ. ಅವರಿಗೆ ನಾ ಇನ್ನ ಒಂದ ಪೈಸಾ ಕೊಡಂಗಿಲ್ಲ."

ಎರಡನೆಯ ಓಣಿಯಲ್ಲಿ ದನಿ ಗಟ್ಟಿಯಾಯಿತು. ಮೂರನೆಯದರಲ್ಲಿ ನನಗೇ ಆಶ್ಚರ್ಯವಾಗುವಷ್ಟು ಸಿಟ್ಟು ಬಂದಿತ್ತು. ಬಸವಣ್ಣೆಪ್ಪನವರ ಮನೆಯ ಮುಂದೆ ಬಂದಾಗ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬ, "ಸಾಲೀ ಕಲಸಾಕಿ ಅತ್ತಿ ರೊಕ್ಕಾ ಕದ್ದಾಳಂತ," ಎಂದು ನಕ್ಕ. ನಾನು ತಡವರಿಸಿದೆ. ಅತ್ತೆ ಮೈಕನ್ನು ಕಸಿದುಕೊಂಡಳು.

"ನಾ ಮರೆವ್ವ ಮಾತಾಡಾಕತ್ತೀನಿ. ರೊಕ್ಕಾ ನಂದು, ಸೊಸಿ ನನ್ನಾಕಿ. ಆಕಿಗೆ ಎಷ್ಟ ಬೈಬೇಕೋ ಅಷ್ಟ ನಾ ಬೈದೀನಿ, ನೀವ್ಯಾರೂ ಅದಕ್ಕ ಕೂಡಿಸೂದ ಬ್ಯಾಡ. ನನ್ನ ಎಂಟ ಸಾವಿರ ಆಕಿ ನನಗ ಕೊಡತಾಳ, ಕೊಡಲಿಲ್ಲಂದ್ರ ನಾ ಬಿಡಂಗಿಲ್ಲ. ಆಕಿನ್ನ ಕಳ್ಳಿ ಅನ್ನೂದಿದ್ರ ನಾ ಅನಬೇಕು. ನಾ ಅಂದಿಲ್ಲ."

ನಾನು ಗಾಡಿಯ ಹಿಂದೆ, ಒಣ ಕಸದ ಬದಿಗೆ ಮುಖ ತಿರುಗಿಸಿ ಅತ್ತುಬಿಟ್ಟೆ. ಅಷ್ಟು ದಿನದಲ್ಲಿ ನಾನು ಹೆದರಿದ್ದು ಊರಿಗಲ್ಲ, ಅವಳ ಬಾಯಿಂದ ಕಳ್ಳಿ ಎಂಬ ಆ ಒಂದು ಮಾತು ಬಂದೀತೆಂದು ಎಂಬುದು ಆಗ ತಿಳಿಯಿತು.

ಹನ್ನೊಂದಕ್ಕೆ ಸರಿಯಾಗಿ ಫೋಟೋ ಬಂತು. ಶಾಲೆಯಲ್ಲಿ ಹೆಡ್‌ಮೇಡಂ ಕರೆದು ಅರ್ಧ ಗಂಟೆ ನಿಲ್ಲಿಸಿಕೊಂಡರು. ನಾನೂ ತಲೆ ತಗ್ಗಿಸಲಿಲ್ಲ, ಸಂಬಳ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ ಈ ಫೋಟೋ ಬರುತ್ತಿರಲಿಲ್ಲ ಎಂದು ಹೇಳಿಯೇ ಬಂದೆ. ಬರುವಾಗ ಠಾಣೆಯಲ್ಲಿ ದೂರು ಬರೆದುಕೊಟ್ಟೆ. ಸಂಜೆ ಬಸವಣ್ಣೆಪ್ಪನವರು ದಾರಿಯಲ್ಲಿ ನಿಲ್ಲಿಸಿದರು.

"ಅಂವ ನನಗೂ ಫೋನ್ ಹಚ್ಚಿದ್ದಾ. ಗೊತ್ತೈತಿ, ಮುಂದ ಹೇಳು ಅಂದೆ. ಮುಂದ ಏನೂ ಇರಲಿಲ್ಲ ಅಂವನ ಕಡೆ," ಎಂದರು. ನಗುತ್ತಿದ್ದಾರೋ ಇಲ್ಲವೋ ಅವರ ಮುಖ ನೋಡಿ ಹೇಳಲಾಗದು.

ಮುಂದಿನ ವಾರ ಪಿಂಚಣಿ ಜಮಾ ಆಯಿತು. ಮುಂಜಾನೆ ಬಂದ ದುಡ್ಡು ಮಧ್ಯಾಹ್ನಕ್ಕೂ ಅಲ್ಲೇ ಇತ್ತು. ಹಾರೂನ್ ಕಾಕಾನ ಅಂಗಡಿಯಲ್ಲಿ ನಾವು ಅದನ್ನು ನೋಡುತ್ತಿರುವಾಗಲೇ ನನ್ನ ಫೋನು ಬಡಿದುಕೊಂಡಿತು. ಎಳೆಯಲು ಹೋಗಿ ಹಣ ಸಿಗದೆ ಅವನು ಉರಿದುಬಿದ್ದಿದ್ದ. ಇನ್ನೊಂದು ಸಲ ಇಡೀ ಊರಿಗೆ ಹೇಳುತ್ತೇನೆ ಎಂದು ಅವನು ಕೂಗಿದ್ದು ಬೆಲ್ಲದ ಡಬ್ಬಿಯ ಆಚೆಗೂ ಕೇಳಿಸಿತು.

ಅತ್ತೆ ಕೈ ಚಾಚಿ ಫೋನು ಇಸಿದುಕೊಂಡಳು.

"ಶಲವಡಿಗೆ ನಾವ ಹೇಳಿ ಮುಗಿಸೇವಿ," ಎಂದಳು. "ನೀ ಹೇಳೂದಿದ್ರ ಬಾಜೂ ಊರಿಗೆ ಹೇಳಪ್ಪಾ, ನಮ್ಮ ಗಾಡಿ ಅಲ್ಲಿತನಕಾ ಹೋಗಂಗಿಲ್ಲ."