ನಾಲ್ಕನೆಯ ಸಾಲು

ಜೈತುನ್‌ಬಿ ತಾಯಿಯ ಕಫನದ ಕೊನೆಯ ಗಂಟು ಬಿಗಿಯುತ್ತಿದ್ದಾಗಲೇ ಹೊರಗಿನಿಂದ ಮಸೀದಿಯ ಆಡಳಿತ ನೋಡುವ ಮುತವಲ್ಲಿ ಫಕ್ರುಸಾಬರ ಗದರಿಕೆ ಕೇಳಿತು.

"ಲಗೂನ ಮುಗಸ್ರಿ. ಹೆಂಗಸ್ರು ಹೊಸ್ತಿಲು ದಾಟಂಗಿಲ್ಲ."

"ನಮ್ಮಮ್ಮನ ನಮಾಜಿಗೆ ನಾನೂ ಬರ್ತೀನ್ರಿ. ಹಿಂದ ನಿಂದರ್ತೀನಿ."

"ಹಿಂದಿಲ್ಲ, ಮುಂದಿಲ್ಲ. ಮನ್ಯಾಗ ಕುಂತು ಓದ್ಕ."

ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ಆ ಹಾಳು ಜ್ವರ ರಾಯದುರ್ಗವನ್ನು ಗುಡಿಸಿ ಹಾಕುತ್ತಿತ್ತು. ಹೆಣವೆಂದರೆ ಗಂಡಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಜೈತುನ್‌ಬಿಯ ತಾಯಿ ಮೌಲಾಬಿಯನ್ನು ಹೊರಲು ಬಂದವರು ಐದೇ ಜನ. ಹೆಂಗಸರು ಮಾತ್ರ ಹನ್ನೊಂದು ಮಂದಿ ಬಂದು ನೀರು ಹೊತ್ತು, ಮಗಳ ಜೊತೆ ನಿಂತು ಮೈ ತೊಳೆದಿದ್ದರು. ಎಲ್ಲರೂ ಮೌಲಾಬಿಯ ಹತ್ತಿರ ಕುರಾನ್ ಕಲಿತವರು. ಈಗಿನ ಇಮಾಮ ಖಾಜಾಹುಸೇನನೂ ಅವಳ ಚಾಪೆಯ ಮೇಲೆ ಕೂತು ಕಲಿತವನೇ.

*

ಹಿಂದೊಮ್ಮೆ, ಖಾಜಾಹುಸೇನ ಮೊದಲ ಸಲ ರಮ್ಜಾನಿನ ನಮಾಜು ನಡೆಸಿದ ದಿನ ಮೌಲಾಬಿ ಓಣಿಯಲ್ಲಿ, ಮಸೀದಿಯ ಕಿಟಕಿಯ ಕೆಳಗೆ ನಿಂತು ಕೇಳುತ್ತಿದ್ದಳು. ಕುರಾನ್ ಓದುವ ನಡುವೆ ಅವನು ತಡವರಿಸಿದ. ಇಮಾಮ ತಡವರಿಸಿದರೆ ಹಿಂದೆ ನಿಂತವರು ಎತ್ತಿಕೊಡುವುದು ಪದ್ಧತಿ. ಒಳಗಿದ್ದ ನಲವತ್ತು ಗಂಡಸರಲ್ಲಿ ಒಬ್ಬರ ಬಾಯಿಗೂ ಮುಂದಿನ ಮಾತು ಬರಲಿಲ್ಲ. ಮೌಲಾಬಿ ಓಣಿಯಿಂದಲೇ ಎತ್ತಿಕೊಟ್ಟಳು.

"ಹೆಂಗಸಿನ ದನಿ ಬಿದ್ದು ನಮಾಜು ಕೆಟ್ತು," ಎಂದು ಫಕ್ರುಸಾಬರು ಮರುದಿನವೇ ಆ ಕಿಟಕಿಗೆ ಕಲ್ಲು ಕಟ್ಟಿಸಿದರು. ನಲವತ್ತು ಮಂದಿಯ ಅಜ್ಞಾನ ಯಾರಿಗೂ ತಪ್ಪಾಗಿ ಕಾಣಲಿಲ್ಲ. ಖಾಜಾಹುಸೇನನೂ ತುಟಿ ಬಿಚ್ಚಲಿಲ್ಲ.

*

ಮಸೀದಿಯ ಮುಂದಿನ ಬಯಲಿನಲ್ಲಿ ಜನಾಜಾದ ಡೋಲಿ ಇಳಿಸಿದರು. ಜೈತುನ್‌ಬಿ ಚಾದರ ಹೊದ್ದು ಹಿಂದೆಯೇ ಬಂದಳು. ಅವಳ ಹಿಂದೆ ಆ ಹನ್ನೊಂದು ಮಂದಿ.

ಜನಾಜೆಯ ನಮಾಜಿಗೆ ಮೂರು ಸಾಲಾದರೂ ಬೇಕು. ಇಮಾಮನ ಹಿಂದೆ ಉಳಿದವರು ನಾಲ್ವರು. ಖಾಜಾಹುಸೇನ ಮೊದಲ ಸಾಲಿಗೆ ಇಬ್ಬರನ್ನು, ಎರಡನೆಯದಕ್ಕೆ ಒಬ್ಬನನ್ನು, ಮೂರನೆಯದಕ್ಕೆ ಫಕ್ರುಸಾಬರನ್ನು ನಿಲ್ಲಿಸಿದ.

ಜೈತುನ್‌ಬಿಗೆ ಮೈಯೆಲ್ಲ ಉರಿದುಹೋಯಿತು.

"ಒಬ್ಬಾತ ನಿಂತ್ರ ಒಂದು ಸಾಲು. ನಾವು ಹನ್ನೆರಡು ಮಂದಿ ಲೆಕ್ಕಕ್ಕೇ ಇಲ್ಲೇನ್ರಿ, ಖಾಜಾಣ್ಣ? ನಿಮಗ ಅಕ್ಷರ ತಿದ್ದಿಸಿದಾಕಿ ಅಲ್ಲಿ ಮಲಗ್ಯಾಳ."

ಖಾಜಾಹುಸೇನ ಡೋಲಿಯನ್ನೇ ನೋಡುತ್ತ ನಿಂತ.

"ಏನು ನೋಡ್ತೀಯೋ? ಮೊದ್ಲು ಇವ್ರನ್ನ ಮನಿಗೆ ಅಟ್ಟು!" ಫಕ್ರುಸಾಬರು ಹೆಂಗಸರ ಕಡೆ ತಿರುಗಿ ಕೈ ಬೀಸಿದರು. "ನಡೀರಿ, ನಡೀರಿ, ನಾಚಿಕಿ..."

"ಅಲ್ಲಾಹು ಅಕ್ಬರ್!"

ಖಾಜಾಹುಸೇನ ಕೈ ಎತ್ತಿ ಕಟ್ಟಿಬಿಟ್ಟಿದ್ದ. ನಮಾಜು ಶುರುವಾಗಿತ್ತು. ಇನ್ನು ಮಾತಾಡುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಫಕ್ರುಸಾಬರು ಬೈಗುಳವನ್ನು ಅರ್ಧಕ್ಕೇ ನುಂಗಿ, ಮುಂದೆ ತಿರುಗಿ, ಒಬ್ಬರೇ ಕೈ ಕಟ್ಟಿ ನಿಂತರು. ಅವರ ಕಿವಿಯವರೆಗೂ ಕೆಂಪೇರಿತ್ತು. ಬೆನ್ನ ಹಿಂದೆ ಹನ್ನೆರಡು ಹೆಂಗಸರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು, ಬಯಲಿನ ಈ ತುದಿಯಿಂದ ಆ ತುದಿಯವರೆಗೆ.