ಅಖಿಲೇಶ ಹೂ ಮುಡಿದದ್ದು

"ನಾನೆಂತ ಯಕ್ಷಗಾನದ ಬಾಲಗೋಪಾಲನಾ, ಈ ಪ್ರಾಯದಲ್ಲಿ ವೇಷ ಹಾಕ್ಲಿಕ್ಕೆ?" ಎಂದ ಅಖಿಲೇಶ, ಹಬ್ಬದ ಬಾಗಿಲಲ್ಲೇ ಕಾಲೂರಿ ನಿಂತು.

ಅರಬ್ ನಾಡಿನ ಖಮೀಸ್ ಮುಶೈತ್ ಪಟ್ಟಣದಿಂದ ಘಾಟಿ ಇಳಿದರೆ ಸಿಗುವ ಆ ಕಲ್ಲುಮನೆಗಳ ಊರಿನಲ್ಲಿ ವರ್ಷಕ್ಕೊಮ್ಮೆ ಕಾಲವನ್ನು ಹಿಂದಕ್ಕೆ ತಿರುಗಿಸುತ್ತಾರೆ. ಕಮ್ಮಾರ, ಜೇನು ಮಾರುವವ, ಕತ್ತಿ ಹಿಡಿದ ಕಾವಲುಗಾರ, ಎಲ್ಲರೂ ಮುತ್ತಜ್ಜನ ಕಾಲದ ಬಟ್ಟೆಯಲ್ಲೇ ಓಡಾಡುತ್ತಾರೆ. ನೋಡಲು ಬಂದವರಿಗೂ ಬಾಡಿಗೆಗೆ ಉಡುಪು ಸಿಗುತ್ತದೆ. ಅನಿಷಾ ಆಗಲೇ ಬಣ್ಣದ ದಾರದ ಕಸೂತಿಯ ಕರಿ ನಿಲುವಂಗಿ ತೊಟ್ಟು, ತಲೆಗೆ ಹಳದಿ ವಸ್ತ್ರ ಕಟ್ಟಿ ತಯಾರಾಗಿದ್ದಳು. ಗಂಡ ಮಾತ್ರ ಇಸ್ತ್ರಿ ಹಾಕಿದ ಶರ್ಟಿನಲ್ಲಿ ಬ್ಯಾಂಕಿಗೆ ಹೊರಟವನ ಹಾಗೆ ನಿಂತಿದ್ದ.

"ಬೇಡದಿದ್ರೆ ಬೇಡ. ಮುಖ ಒಂದು ಸರಿ ಮಾಡ್ಕೊಳ್ಳಿ, ಸಾಕು" ಎಂದಳು ಅನಿಷಾ. ಅದಕ್ಕೂ ಅವನು ಒಪ್ಪಿದಂತೆ ಕಾಣಲಿಲ್ಲ.

ಅವಳಿಗೆ ಹಬ್ಬದ ಹುಚ್ಚೇನೂ ಇರಲಿಲ್ಲ. ಗಂಡ ಮುಂದಿನ ವಾರ ಊರಿಗೆ ಹೊರಟಿದ್ದ, ಮತ್ತೆ ಬರುವ ಮಾತಿಲ್ಲದೆ. ಅವಳು ಖಮೀಸಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾದ ಮೇಲಿನ ವರ್ಷಗಳೆಲ್ಲ ವಿಡಿಯೋ ಕಾಲಿನಲ್ಲೇ ಕಳೆದುಹೋಗಿದ್ದವು. ಕೊನೆಗೆ ಹರಸಾಹಸ ಮಾಡಿ ಅವನಿಗೆ ಫ್ಯಾಮಿಲಿ ವಿಸಾ ಮಾಡಿಸಿ ಕರೆಸಿಕೊಂಡಿದ್ದಳು. ಬಂದವನಿಗೆ ಕೆಲಸ ಸಿಗಲಿಲ್ಲ. ಅವಳು ಡ್ಯೂಟಿಗೆ ಹೋಗುವಾಗ ಬಾಗಿಲು ಹಾಕಿಕೊಳ್ಳುವುದು, ಬರುವಾಗ ಬಾಗಿಲು ತೆಗೆಯುವುದು, ನಡುವೆ ಸಾರು ಮಾಡುವುದು, ಇಷ್ಟೇ ಅವನ ದಿನವಾಯಿತು. ಸಾರು ಚೆನ್ನಾಗಿಯೇ ಇರುತ್ತಿತ್ತು. ಆದರೆ ಹಾಗೆಂದು ಹೊಗಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಊರಿನಿಂದ ಸೋದರಮಾವ ನೋಣಯ ಫೋನ್ ಮಾಡಿದಾಗಲೆಲ್ಲ ಅವನು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡು ಮಾತಾಡುತ್ತಿದ್ದ. ಮಾವನಿಗೆ ಕಟಪಾಡಿಯಲ್ಲಿ ಪೈಂಟಿನ ಅಂಗಡಿ. "ಹೆಂಡತಿ ದುಡಿದು ತರುವುದು, ನೀನು ಪಾತ್ರೆ ತೊಳೆಯುವುದು, ಇದೆಂತ ಬಾಳು ಮಾರಾಯ? ಬಂದು ಗಲ್ಲೆಯಲ್ಲಿ ಕೂತ್ಕೋ" ಎಂದು ಮಾವ ಅನ್ನುವುದು ಬಾಗಿಲಿನಾಚೆಗೂ ಕೇಳುತ್ತಿತ್ತು.

ಹೋಗಬೇಡಿ ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ಕಟ್ಟಿಹಾಕಿದ ಹಾಗಾಗುತ್ತದೆ ಎಂಬ ಹೆದರಿಕೆ. ಈ ದೇಶದಲ್ಲಿ ಇವನಿಗೆ ಹಿಡಿಸುವಂಥದ್ದು ಒಂದಾದರೂ ಕಣ್ಣಿಗೆ ಬೀಳಲಿ ಎಂಬ ಆಸೆಯಿಂದ, ಜೊತೆಯ ನರ್ಸ್ ಹನೀನ್ ಕರೆದದ್ದೇ ನೆಪವಾಗಿ ಹೊರಡಿಸಿಕೊಂಡು ಬಂದಿದ್ದಳು. ಹನೀನ್ ಇದೇ ಊರಿನವಳು.

ಹನೀನ್ ಉತ್ಸಾಹದಿಂದ ಮುಂದೆ ಮುಂದೆ ನಡೆದು ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದಳು. ಕತ್ತಿವರಸೆ ನೋಡಿದ್ದಾಯಿತು. ಡೋಲಿನ ಕುಣಿತ ನೋಡಿದ್ದಾಯಿತು. ಅಖಿಲೇಶ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಶಾಲಾ ತನಿಖೆಗೆ ಬಂದ ಅಧಿಕಾರಿಯ ಹಾಗೆ ನಡೆದ. ಇನ್ನು ಇವನನ್ನು ದೇವರೇ ನಗಿಸಬೇಕು ಎಂದುಕೊಂಡಳು ಅನಿಷಾ.

ಹೂವಿನ ಓಣಿಗೆ ತಿರುಗಿದ್ದೇ ಅವನ ಕಾಲು ನಿಂತಿತು.

ನೆಲದ ಮೇಲೆ ಹೆಂಗಸರು ಸಾಲಾಗಿ ಕೂತು ಹೂ ಕಟ್ಟುತ್ತಿದ್ದರು. ಚೆಂಡುಹೂ, ಮಲ್ಲಿಗೆ, ನಡುನಡುವೆ ಹಸಿರು ಎಲೆ. ಅವನು ಬಗ್ಗಿ ಒಂದೆಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದ.

"ಕಾಮಕಸ್ತೂರಿ ಮಾರಾಯ್ತಿ! ಇಲ್ಲಿಯೂ ಉಂಟಲ್ಲ!"

ಎಷ್ಟೋ ತಿಂಗಳ ನಂತರ ಅವನ ದನಿಯಲ್ಲಿ ಜೀವ ಕೇಳಿಸಿತು. ಕೇಳದೆಯೇ ಅವನು ಒಂದು ಹೂದಂಡೆ ಆರಿಸಿ, ಗೊತ್ತಿದ್ದ ನಾಲ್ಕು ಅರಬ್ಬಿ ಮಾತಿನಲ್ಲಿ ಚೌಕಾಸಿ ಮಾಡಿ, ಕೊಂಡೇಬಿಟ್ಟ. ಹೂ ಕೊಂಡ ಮೇಲೆ ನಮ್ಮ ಕಡೆಯ ಗಂಡಸಿಗೆ ಮುಂದಿನದನ್ನು ಯಾರೂ ಕಲಿಸಬೇಕಾಗಿಲ್ಲ. ತಿರುಗಿದವನೇ ಅದನ್ನು ಹೆಂಡತಿಯ ಹಳದಿ ತಲೆವಸ್ತ್ರದ ಮೇಲೆ ಜೋಪಾನವಾಗಿ ಇಟ್ಟ.

ಓಣಿಯಿಡೀ ಗೊಳ್ಳೆಂದು ನಕ್ಕಿತು. ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬಳು ತೊಡೆ ತಟ್ಟಿಕೊಂಡು ನಕ್ಕಳು. ಹನೀನ್ ಬಾಯಿಗೆ ಕೈ ಅಡ್ಡ ಹಿಡಿದಳು. ಪಕ್ಕದಲ್ಲಿ ಕೂತಿದ್ದ ಅವಳ ದೊಡ್ಡಪ್ಪ ಫಹದ್ ಎದ್ದು ಬಂದರು. ಬಿಳಿಗಡ್ಡ, ಸೊಂಟದಲ್ಲಿ ಬಾಕು, ತಲೆಯ ಸುತ್ತ ಅಂಥದೇ ಹೂದಂಡೆ. ಅವರು ಅನಿಷಾಳ ತಲೆಯಿಂದ ಹೂ ತೆಗೆದು ಅಖಿಲೇಶನ ತಲೆಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಓರೆಯಾಗಿದ್ದದ್ದನ್ನು ನೇರ ಮಾಡಿದರು.

"ಈ ದಂಡೆ ಗಂಡಸರದ್ದು" ಎಂದಳು ಹನೀನ್ ನಗು ತಡೆಯುತ್ತ. "ನಮ್ಮಲ್ಲಿ ಇದನ್ನು ಮುಡಿಯುವುದು ಅವರೇ."

ಅಖಿಲೇಶನ ಮುಖ ಕೆಂಪೇರಿತು. ಕೈ ತಲೆಗೆ ಹೋಯಿತು. ಮುಗಿಯಿತು, ಈಗ ಕಿತ್ತೆಸೆದು ಕಾರಿನ ಕಡೆ ನಡೆಯುತ್ತಾನೆ, ಅಲ್ಲಿಂದ ಸೀದಾ ವಿಮಾನ ಹತ್ತುತ್ತಾನೆ ಎಂದು ಅನಿಷಾ ಹೆದರಿದಳು.

ಅವನ ಕೈ ಹೂವಿನ ಮೇಲೇ ನಿಂತಿತು. ಅವನು ಸುತ್ತ ನೋಡಿದ. ಕಮ್ಮಾರನ ತಲೆಯಲ್ಲಿ ಹೂ. ಕುದುರೆ ಹಿಡಿದವನ ತಲೆಯಲ್ಲಿ ಹೂ. ಗದರುತ್ತ ಗುಂಪು ಸರಿಸುತ್ತಿದ್ದ ದಾಂಡಿಗನ ತಲೆಯಲ್ಲೂ ಹೂ.

"ಮುಡಿದರೆ ಇವರನ್ನು ಯಾರೂ ತಮಾಷೆ ಮಾಡುವುದಿಲ್ವಾ?" ಎಂದು ಹನೀನಳನ್ನು ಕೇಳಿದ.

ಹನೀನ್ ಅದನ್ನು ದೊಡ್ಡಪ್ಪನಿಗೆ ಅರಬ್ಬಿಯಲ್ಲಿ ದಾಟಿಸಿದಳು. ಫಹದ್ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೆಯ ಸಲ ಕೇಳಿಸಿಕೊಂಡು, "ಯಾಕೆ ಮಾಡಬೇಕು?" ಎಂದು ತಿರುಗಿ ಕೇಳಿದರು. ಅಖಿಲೇಶ ಕೈ ಕೆಳಗಿಳಿಸಿದ. ಆಮೇಲೆ ಹಬ್ಬವನ್ನೆಲ್ಲ ಮೊದಲಿಂದ ಇನ್ನೊಮ್ಮೆ ಸುತ್ತಿದ. ಕತ್ತಿವರಸೆಯವನ ಜೊತೆ ಫೋಟೋಗೂ ನಿಂತ.

ಹಿಂದಿರುಗುವಾಗ ಅನಿಷಾ ಕಾರು ನಡೆಸುತ್ತಿದ್ದಳು. ಅರ್ಧ ಘಾಟಿ ಏರುವಷ್ಟರಲ್ಲಿ ಮಾವನ ವಿಡಿಯೋ ಕಾಲ್ ಬಂತು. ಓಡುವ ಕಾರಿನಲ್ಲಿ ಬಾಲ್ಕನಿ ಎಲ್ಲಿಂದ ಬರಬೇಕು? ಹೂ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾನೆ ಎಂದು ಅವಳು ಕಾದಳು. ಅವನು ಹಾಗೆಯೇ ಕಾಲ್ ತೆಗೆದ.

"ಎಂತ ಮಾರಾಯ ತಲೆಯಲ್ಲಿ? ಹುಚ್ಚು ಹಿಡಿದಿದೆಯಾ?" ಮಾವನ ದನಿ ಕಾರು ತುಂಬಿತು.

"ಹೂ ಮಾವ. ಇಲ್ಲಿ ಗಂಡಸರು ಮುಡಿಯುವುದು."

"ಸಾಕು ನಿನ್ನ ತಮಾಷೆ. ಮಂಗಳೂರಿಗೆ ಎಷ್ಟು ಗಂಟೆಗೆ ಇಳಿಯುವುದು ಹೇಳು, ಕಾರು ಕಳಿಸ್ಬೇಕು."

ಅಖಿಲೇಶ ತಲೆಯ ಹೂದಂಡೆಯನ್ನು ಮುಟ್ಟಿ ನೇರ ಮಾಡಿಕೊಂಡ. ಅನಿಷಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ, ತೆಗೆಯಲು ಧೈರ್ಯವಿರಲಿಲ್ಲ.

"ಕಾರು ಬೇಡ ಮಾವ. ನಾನು ಬರುವುದಿಲ್ಲ. ಕೆಲಸ ಹುಡುಕ್ತೇನೆ. ಸಿಗುವವರೆಗೆ ಮನೆಯಲ್ಲಿ ಅಡುಗೆ ಮಾಡಿಕೊಂಡು ಇರ್ತೇನೆ. ಅನಿಷಾ ಡ್ಯೂಟಿಯಿಂದ ಬಂದು ಒಬ್ಬಳೇ ಕೂತು ಉಣ್ಣುವುದು ನನಗೆ ಬೇಡ."

ಆಚೆಯಿಂದ ಮಾವ ಏನೇನೋ ಹೇಳಿದರು. ಅವಳಿಗೆ ಒಂದೂ ಕಿವಿಗೆ ಬೀಳಲಿಲ್ಲ. ಅವಳು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಎಂತ ನಿಲ್ಲಿಸಿದ್ದು?" ಕಾಲ್ ಮುಗಿಸಿ ಅಖಿಲೇಶ ಕೇಳಿದ.

"ಮಂಜು. ರಸ್ತೆ ಕಾಣುವುದಿಲ್ಲ."

ಹೊರಗೆ ಸಂಜೆಯ ಬಿಸಿಲು ಬೆಟ್ಟದ ತುದಿಯವರೆಗೂ ಹರಡಿತ್ತು. ಅವನು ಒಮ್ಮೆ ಕಿಟಕಿಯಾಚೆ ನೋಡಿದ, ಒಮ್ಮೆ ಅವಳ ಮುಖ ನೋಡಿದ, ಮತ್ತೇನೂ ಕೇಳದೆ ತನ್ನ ಕರವಸ್ತ್ರ ತೆಗೆದು ಕೊಟ್ಟ.